ರಕ್ತಶೋಧನ ಯಂತ್ರದ ಚರಿತ್ರೆಯೂ ಅದನ್ನು ನಂಬಿದವರ ಬಾಳುವೆಯೂ

ಮನುಷ್ಯನ ದೇಹದಲ್ಲಿ ಹಗಲಿರುಳೆನ್ನದೆ ದುಡಿಯುವ ಅಂಗಗಳು ಹಲವುಂಟು. ಹೃದಯದ ಬಡಿತವು ಕೈಗೆ ತಿಳಿಯುವದು. ಶ್ವಾಸದ ಸಂಚಾರವು ಕಣ್ಣಿಗೆ ಕಾಣುವದು. ಆದರೆ ಬೆನ್ನಿನ ಇಕ್ಕೆಲಗಳಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವ ಎರಡು ಮೂತ್ರಪಿಂಡಗಳ ಕಾರ್ಯವು ಮಾತ್ರ, ಅವು ಕೆಡುವವರೆಗೂ ಯಾರ ಗಮನಕ್ಕೂ ಬಾರದು. ಗಾತ್ರದಲ್ಲಿ ಒಂದೊಂದು ಮುಷ್ಟಿಯಷ್ಟಿರುವ ಈ ಪಿಂಡಗಳಲ್ಲಿ ಒಂದೊಂದರೊಳಗೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಗಳಿರುವವು. ದಿನವೊಂದಕ್ಕೆ ಸುಮಾರು ೧೮೦ ಲೀಟರಿನಷ್ಟು ದ್ರವವು ರಕ್ತದಿಂದ ಇವುಗಳೊಳಗೆ ಸೋಸಿಬರುವದು. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬಿದ್ದು, ಉಳಿದುದೆಲ್ಲವೂ ಮರಳಿ ರಕ್ತವನ್ನೇ ಸೇರುವದು. ಬೇಕಾದುದನ್ನು ಉಳಿಸಿ ಬೇಡವಾದುದನ್ನು ಕಳೆಯುವ ಇಂಥ ವಿವೇಕವು ಈ ಚಿಕ್ಕ ಪಿಂಡಗಳಿಗೆ ಸಹಜವಾಗಿ ಬಂದಿರುವದು.

ಇವೆರಡೂ ಕೆಟ್ಟಲ್ಲಿ ಆಗುವ ಅವಸ್ಥೆಯನ್ನು ಕಂಡವರೇ ಬಲ್ಲರು. ಕಾಲುಗಳೂ ಮುಖವೂ ಬಾತುಕೊಳ್ಳುವವು, ಅನ್ನವು ಸೇರದು, ನೀರು ಶ್ವಾಸಕೋಶಗಳಲ್ಲಿ ನಿಂತು ಉಬ್ಬಸವಾಗುವದು, ಮಲಿನ ದ್ರವ್ಯಗಳು ರಕ್ತದಲ್ಲಿ ಬೆಳೆಬೆಳೆದು ಕೊನೆಗೆ ಪ್ರಜ್ಞೆಯು ತಪ್ಪುವದು. ಕಳೆದ ಶತಮಾನದ ನಡುವಿನವರೆಗೂ ಈ ದಾರಿಯಲ್ಲಿ ಹೊರಟವನು ಹಿಂದಿರುಗಿ ಬಂದುದು ವಿರಳ. ಇಂದಾದರೋ ಎರಡೂ ಪಿಂಡಗಳು ನಿಂತುಹೋದ ಮನುಷ್ಯನು ಹತ್ತು ವರ್ಷ, ಕೆಲವೊಮ್ಮೆ ಇಪ್ಪತ್ತು ವರ್ಷ, ಬಾಳಿರುವದುಂಟು. ಈ ಬದಲಾವಣೆಯು ಹೇಗಾಯಿತು, ಅದಕ್ಕಾಗಿ ಯಾರು ಏನನ್ನು ತೆತ್ತರು, ಯಂತ್ರವನ್ನು ನಂಬಿದವರ ಬಾಳುವೆಯು ಎಂಥದು ಎಂಬ ವಿಷಯಗಳನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗುವದು.

ಡಯಾಲಿಸಿಸ್ ಎಂಬ ಶಬ್ದವನ್ನು ಈ ಅರ್ಥದಲ್ಲಿ ಬಳಕೆಗೆ ತಂದವರು ವೈದ್ಯರಲ್ಲ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞರಾದ ಥಾಮಸ್ ಗ್ರಹಾಂ ಎಂಬವರು. ೧೮೬೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವರು, ತೆಳುವಾದ ಪೊರೆಯ ಒಂದು ಬದಿಗೆ ಮಿಶ್ರದ್ರವವನ್ನೂ ಇನ್ನೊಂದು ಬದಿಗೆ ನೀರನ್ನೂ ಇಟ್ಟರೆ, ಉಪ್ಪು ಸಕ್ಕರೆಗಳಂಥ ಸೂಕ್ಷ್ಮ ಕಣಗಳು ಪೊರೆಯನ್ನು ದಾಟಿಹೋಗುವವೆಂದೂ ಅಂಟಿನಂಥ ಸ್ಥೂಲ ಕಣಗಳು ಹಿಂದೆ ಉಳಿಯುವವೆಂದೂ ತೋರಿಸಿದರು. ಹಿಟ್ಟು ಜರಡಿಯಲ್ಲಿ ಇಳಿದು ತೌಡು ಮೇಲೆ ಉಳಿಯುವಂತೆಯೇ ಇದು. ರಕ್ತದಲ್ಲಿಯ ಯೂರಿಯ ಮುಂತಾದ ಮಲಗಳು ಸೂಕ್ಷ್ಮ ಕಣಗಳು. ರಕ್ತಕಣಗಳೂ ಸಸಾರಜನಕ ದ್ರವ್ಯಗಳೂ ಸ್ಥೂಲ ಕಣಗಳು. ಆದುದರಿಂದ ರಕ್ತವನ್ನು ಪೊರೆಯ ಒಂದು ಮಗ್ಗುಲಲ್ಲಿ ಹರಿಯಿಸಿದರೆ ಕೊಳೆಯು ದಾಟಿಹೋಗಿ ರಕ್ತವು ಉಳಿಯುವದು. ಮುಂದಿನ ಎಲ್ಲ ಯಂತ್ರಗಳಿಗೂ ಈ ತತ್ವವೇ ತಳಹದಿಯಾಯಿತು.

ತತ್ವವು ತಿಳಿದರೂ ಅದು ರೋಗಿಯ ಹಾಸಿಗೆಯ ಬಳಿಗೆ ಬರಲು ಬಹುಕಾಲ ಹಿಡಿಯಿತು. ೧೯೧೩ರಲ್ಲಿ ಅಮೇರಿಕದ ಬಾಲ್ಟಿಮೋರಿನಲ್ಲಿ ಜಾನ್ ಜೇಕಬ್ ಏಬಲ್ ಮತ್ತು ಅವರ ಸಂಗಡಿಗರು ನಾಯಿಗಳ ರಕ್ತವನ್ನು ದೇಹದ ಹೊರಗೆ ಪೊರೆಯ ಕೊಳವೆಗಳಲ್ಲಿ ಹರಿಯಿಸಿ ಮರಳಿ ಸೇರಿಸಿದರು. ಹೊರಬಂದ ರಕ್ತವು ಹೆಪ್ಪುಗಟ್ಟದಂತೆ ತಡೆಯಲು ಅವರು ಜಿಗಣೆಗಳಿಂದ ತೆಗೆದ ಸತ್ವವನ್ನೇ ಬಳಸಬೇಕಾಯಿತು. ಮನುಷ್ಯನ ಮೇಲೆ ಈ ಚಿಕಿತ್ಸೆಯನ್ನು ಮೊದಲು ನಡೆಯಿಸಿದವರು ಜರ್ಮನಿಯ ಗೀಸೆನ್ ಪಟ್ಟಣದ ವೈದ್ಯರಾದ ಗಿಯೋರ್ಗ್ ಹಾಸ್. ೧೯೨೪ರಲ್ಲಿ ನಡೆದ ಆ ಪ್ರಯೋಗವು ಹದಿನೈದು ನಿಮಿಷಗಳದು ಮಾತ್ರ. ತರುವಾಯ ಹೆಪಾರಿನ್ ಎಂಬ ಉತ್ತಮ ಔಷಧವು ದೊರೆತು ಹೆಪ್ಪುಗಟ್ಟುವ ತೊಡಕು ಕಡಿಮೆಯಾಯಿತಾದರೂ, ಹಾಸರ ಪ್ರಯತ್ನಕ್ಕೆ ಬೆಂಬಲ ದೊರೆಯದೆ ಅದು ಅಲ್ಲಿಗೇ ನಿಂತಿತು.

ಈ ಚರಿತ್ರೆಯಲ್ಲಿ ಮುಂದಿನ ಹೆಸರು ವಿಲೆಮ್ ಕೋಲ್ಫ್ ಅವರದು. ೧೯೧೧ರಲ್ಲಿ ಹಾಲೆಂಡ್ ದೇಶದಲ್ಲಿ ಹುಟ್ಟಿದ ಇವರು ಗ್ರೋನಿಂಗೆನ್ ಪಟ್ಟಣದ ಆಸ್ಪತ್ರೆಯಲ್ಲಿ ಹೊಸ ವೈದ್ಯರಾಗಿದ್ದಾಗ, ಇಪ್ಪತ್ತೆರಡು ವರ್ಷದ ತರುಣನೊಬ್ಬನು ಮೂತ್ರಪಿಂಡಗಳು ಕೆಟ್ಟು ಇವರ ಕಣ್ಣೆದುರಿಗೇ ಸತ್ತನು. ಮಗನು ಉಳಿಯಲಾರನೆಂದು ಅವನ ತಾಯಿಗೆ ಹೇಳುವ ಕಷ್ಟವು ಇವರ ಪಾಲಿಗೇ ಬಂದಿತು. ದಿನಕ್ಕೆ ಇಪ್ಪತ್ತು ಗ್ರಾಂ ಯೂರಿಯವನ್ನು ರಕ್ತದಿಂದ ತೆಗೆಯಲು ಸಾಧ್ಯವಾಗಿದ್ದರೆ ಆ ಹುಡುಗನು ಬದುಕುತ್ತಿದ್ದನಲ್ಲಾ ಎಂಬ ಲೆಕ್ಕವು ಇವರ ಮನಸ್ಸನ್ನು ಬಿಡಲಿಲ್ಲ. ಅಷ್ಟರಲ್ಲಿ ೧೯೪೦ರ ಮೇ ತಿಂಗಳಲ್ಲಿ ಜರ್ಮನರ ಸೈನ್ಯವು ಹಾಲೆಂಡನ್ನು ಆಕ್ರಮಿಸಿತು. ಕೋಲ್ಫ್ ಅವರು ಕಾಂಪೆನ್ ಎಂಬ ಚಿಕ್ಕ ಊರಿನ ಆಸ್ಪತ್ರೆಗೆ ಹೋಗಿ ನೆಲೆಸಿ, ಆ ಕೊರತೆಯ ಕಾಲದಲ್ಲಿಯೇ ಯಂತ್ರವನ್ನು ಕಟ್ಟಲು ತೊಡಗಿದರು. ಮಾಂಸದ ಹೂರಣವನ್ನು ತುಂಬಲು ಅಂಗಡಿಗಳಲ್ಲಿ ಬಳಸುತ್ತಿದ್ದ ಸೆಲೊಫೇನ್ ಕೊಳವೆಯನ್ನು ತಂದು, ದೊಡ್ಡದೊಂದು ಉರುಳೆಗೆ ಸುತ್ತಿ, ಆ ಉರುಳೆಯು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗುವಂತೆ ಮಾಡಿದರು. ತೊಟ್ಟಿಯ ಕೆಲಸಕ್ಕೆ ಅದೇ ಊರಿನ ಎನಾಮೆಲ್ ಪಾತ್ರೆಗಳ ಕಾರಖಾನೆಯವರು ನೆರವಾದರು. ಪರಾಧೀನವಾದ ದೇಶದಲ್ಲಿ, ಹಾಳುಮೂಳು ಸಾಮಗ್ರಿಗಳಿಂದ, ಹೀಗೆ ಕೃತ್ರಿಮ ಮೂತ್ರಪಿಂಡವು ಹುಟ್ಟಿತು.

೧೯೪೩ರಲ್ಲಿ ಚಿಕಿತ್ಸೆಯು ಆರಂಭವಾಯಿತು. ಆದರೆ ಫಲವು ಬೇಗನೆ ಕೈಗೆ ಬರಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಯಂತ್ರಕ್ಕೆ ಜೋಡಿಸಲ್ಪಟ್ಟ ಸುಮಾರು ಹದಿನೈದು ಮಂದಿಯಲ್ಲಿ, ಯಂತ್ರದಿಂದಲೇ ಬದುಕಿದರೆಂದು ನಿಶ್ಚಯವಾಗಿ ಹೇಳಬಹುದಾದವರು ಒಬ್ಬರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಎದೆಗುಂದಿ ಕೈಬಿಡುತ್ತಿದ್ದರು. ೧೯೪೫ರ ಸಪ್ಟೆಂಬರಿನಲ್ಲಿ, ಯುದ್ಧವು ಮುಗಿದ ಬಳಿಕ, ಅರವತ್ತೇಳು ವರ್ಷದ ವೃದ್ಧೆಯೊಬ್ಬಳನ್ನು ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಕಾಂಪೆನ್ನಿನ ಆಸ್ಪತ್ರೆಗೆ ತಂದರು. ಆಕೆಯು ಸೆರೆಮನೆಯಿಂದ ಬಂದವಳು. ಆಕ್ರಮಣಕಾರರ ಪಕ್ಷಪಾತಿಯಾಗಿದ್ದಳೆಂಬ ಕಾರಣಕ್ಕೆ ಸೆರೆಗೆ ಸೇರಿದವಳು. ಶತ್ರುವಿನಿಂದ ಐದು ವರ್ಷ ನೊಂದ ಊರಿನಲ್ಲಿ ಅಂಥವಳನ್ನು ಬದುಕಿಸುವದೇಕೆಂಬ ಮಾತು ಬಾರದೆ ಇರಲಿಲ್ಲ. ಕೋಲ್ಫ್ ಅವರು ಅದಕ್ಕೆ ಕಿವಿಗೊಡದೆ ಆಕೆಯ ರಕ್ತವನ್ನು ಹಲವು ತಾಸು ಶುದ್ಧಿಗೊಳಿಸಿದರು. ವೃದ್ಧೆಯು ಕಣ್ಣು ತೆರೆದಳು, ಮಾತನಾಡಿದಳು. ಆಕೆಯ ಮೂತ್ರಪಿಂಡಗಳು ತಿರುಗಿ ಕೆಲಸಕ್ಕೆ ತೊಡಗಿ, ಮುಂದೆ ಹಲವು ವರ್ಷ ಬಾಳಿ, ಬೇರೊಂದು ಕಾರಣದಿಂದ ತೀರಿಕೊಂಡಳು. ಕೃತ್ರಿಮ ಮೂತ್ರಪಿಂಡವು ಉಳಿಸಿದ ಮೊದಲನೆಯ ಜೀವವು ಊರಿನವರು ದ್ವೇಷಿಸುತ್ತಿದ್ದವಳದೆಂಬುದು ಈ ಚರಿತ್ರೆಯಲ್ಲಿ ನೆನಪಿನಲ್ಲಿಡಬೇಕಾದ ಸಂಗತಿಯು. ಯಾರು ಅರ್ಹರು ಎಂಬ ಪ್ರಶ್ನೆಯನ್ನು ಆ ದಿನ ವೈದ್ಯರು ಕೇಳಲಿಲ್ಲ. ಯುದ್ಧಾನಂತರ ಕೋಲ್ಫ್ ಅವರು ತಮ್ಮ ಯಂತ್ರಗಳನ್ನು ಲಂಡನ್, ನ್ಯೂಯಾರ್ಕ್ ಮೊದಲಾದ ನಗರಗಳ ಆಸ್ಪತ್ರೆಗಳಿಗೆ ಉಚಿತವಾಗಿಯೇ ಕಳುಹಿಸಿಕೊಟ್ಟರು.

ಆದರೆ ಈ ಯಂತ್ರಕ್ಕೆ ಒಂದು ದೊಡ್ಡ ಮಿತಿಯಿದ್ದಿತು. ಪ್ರತಿಯೊಂದು ಸಾರಿಯೂ ರಕ್ತನಾಳಗಳನ್ನು ಕೊಯ್ದು ಕೊಳವೆಯನ್ನು ಸೇರಿಸಬೇಕಾಗಿದ್ದುದರಿಂದ, ಕೆಲವು ಸಾರಿಗಳ ತರುವಾಯ ಕೊಯ್ಯಲು ನಾಳವೇ ಉಳಿಯುತ್ತಿರಲಿಲ್ಲ. ಗಾಯ, ವಿಷ, ಹೆರಿಗೆಯ ತೊಡಕು ಮುಂತಾದವುಗಳಿಂದ ಕೆಲವು ದಿನಗಳ ಮಟ್ಟಿಗೆ ಪಿಂಡಗಳು ನಿಂತವರಿಗೆ ಇದು ಸಂಜೀವಿನಿಯಾಯಿತು. ಪಿಂಡಗಳು ಶಾಶ್ವತವಾಗಿ ಕೆಟ್ಟವರಿಗೆ ಮಾತ್ರ ಇದರಿಂದ ನಾಲ್ಕು ದಿನದ ನೆಮ್ಮದಿಯಲ್ಲದೆ ಬೇರೇನೂ ಸಿಕ್ಕಲಿಲ್ಲ. ಯಂತ್ರದಿಂದ ಚೇತರಿಸಿಕೊಂಡು ಎದ್ದು ಕುಳಿತವನನ್ನು, ಇನ್ನು ಮಾಡುವದೇನೂ ಇಲ್ಲವೆಂದು ಸಾಯಲಿಕ್ಕೆ ಮನೆಗೆ ಕಳುಹಿಸಬೇಕಾಗುತ್ತಿತ್ತು.

ಅಮೇರಿಕದ ಸಿಯಾಟಲ್ ನಗರದ ವೈದ್ಯರಾದ ಬೆಲ್ಡಿಂಗ್ ಸ್ಕ್ರಿಬ್ನರ್ ಇಂಥದೇ ಒಬ್ಬ ರೋಗಿಯನ್ನು ಮನೆಗೆ ಕಳುಹಿಸಿ ಸಂಕಟಪಟ್ಟವರು. ಒಂದು ರಾತ್ರಿ ನಿದ್ರೆಯಿಂದೆಚ್ಚತ್ತಾಗ ಅವರಿಗೆ ಉಪಾಯವೊಂದು ಹೊಳೆಯಿತು: ಕೈಯ ಒಂದು ಶುದ್ಧರಕ್ತನಾಳಕ್ಕೂ ಒಂದು ಅಶುದ್ಧರಕ್ತನಾಳಕ್ಕೂ ಕೊಳವೆಗಳನ್ನು ಕಾಯಮ್ಮಾಗಿ ಸೇರಿಸಿ, ಚಿಕಿತ್ಸೆಯಿಲ್ಲದ ಸಮಯದಲ್ಲಿ ಅವೆರಡನ್ನೂ ಹೊರಗಡೆ ಕಮಾನಿನಂತೆ ಜೋಡಿಸಿಟ್ಟರೆ, ರಕ್ತವು ಹರಿಯುತ್ತಲೇ ಇದ್ದು ಹೆಪ್ಪುಗಟ್ಟದು. ಟೆಫ್ಲಾನ್ ಎಂಬ, ಏನೂ ಅಂಟದ ಹೊಸ ದ್ರವ್ಯದಿಂದ ಆ ಕೊಳವೆಯನ್ನು ವೇಯ್ನ್ ಕ್ವಿಂಟನ್ ಎಂಬ ಯಂತ್ರಕುಶಲರು ಮಾಡಿಕೊಟ್ಟರು. ೧೯೬೦ರ ಮಾರ್ಚ್ ತಿಂಗಳಲ್ಲಿ ಅದನ್ನು ಮೊದಲು ತೊಟ್ಟವನು ಕ್ಲೈಡ್ ಶೀಲ್ಡ್ಸ್ ಎಂಬ ಕಾರಖಾನೆಯ ಕೆಲಸಗಾರನು. ಅಂದು ಮರಣದ ಬಾಗಿಲಲ್ಲಿದ್ದ ಆತನು ೧೯೭೧ರವರೆಗೆ, ಎಂದರೆ ಹನ್ನೊಂದು ವರ್ಷ, ಬಾಳಿದನು. ಆ ಹನ್ನೊಂದು ವರ್ಷಗಳೂ ಸುಖದವುಗಳೆಂದಲ್ಲ. ರಕ್ತದ ಒತ್ತಡ, ರಕ್ತಹೀನತೆ, ಕೀಲುನೋವು, ನರಗಳ ಬಲಹೀನತೆ ಇವೆಲ್ಲವನ್ನೂ ಆತನು ಅನುಭವಿಸಿದನು. ವೈದ್ಯರು ಪ್ರತಿಯೊಂದನ್ನೂ ಆತನ ದೇಹದಿಂದಲೇ ಕಲಿತರು. ಅಂದಿನಿಂದ ಡಯಾಲಿಸಿಸ್ ಎಂಬುದು ಗುಣಪಡಿಸುವ ಚಿಕಿತ್ಸೆ ಮಾತ್ರವಾಗಿ ಉಳಿಯದೆ, ಜೊತೆಗಿಟ್ಟುಕೊಂಡು ಬಾಳಬೇಕಾದ ಚಿಕಿತ್ಸೆಯೂ ಆಯಿತು.

ಇಲ್ಲಿಯೇ ಹೊಸದೊಂದು ಸಂಕಟವು ತಲೆದೋರಿತು. ೧೯೬೨ರಲ್ಲಿ ಸಿಯಾಟಲಿನಲ್ಲಿ ರೋಗಿಗಳಿಗಾಗಿಯೇ ಡಯಾಲಿಸಿಸ್ ಕೇಂದ್ರವು ಏರ್ಪಟ್ಟಿತು. ಯಂತ್ರಗಳು ಬೆರಳೆಣಿಕೆಯವು, ಬೇಡುವವರು ಬಹಳ. ಯಾರಿಗೆ ಕೊಡಬೇಕು, ಯಾರನ್ನು ಬಿಡಬೇಕು? ಈ ನಿರ್ಣಯಕ್ಕಾಗಿ ಏಳು ಜನರ ಸಮಿತಿಯೊಂದನ್ನು ನೇಮಿಸಿದರು. ಅದರಲ್ಲಿ ವಕೀಲರು, ಪಾದ್ರಿಗಳು, ಬ್ಯಾಂಕಿನವರು, ಗೃಹಿಣಿ, ಸರಕಾರದ ಅಧಿಕಾರಿ, ಕಾರ್ಮಿಕರ ಮುಖಂಡರು, ಶಸ್ತ್ರವೈದ್ಯರು ಹೀಗೆ ನಾನಾ ವೃತ್ತಿಯವರಿದ್ದರು. ಮಕ್ಕಳನ್ನೂ ನಾಲ್ವತ್ತೈದು ಮೀರಿದವರನ್ನೂ ಮೊದಲೇ ಬಿಟ್ಟು, ಉಳಿದವರ ವಯಸ್ಸು, ಸಂಸಾರ, ಮಕ್ಕಳ ಸಂಖ್ಯೆ, ಸಂಪಾದನೆ, ವಿದ್ಯೆ, ನಡತೆ ಇವುಗಳನ್ನು ಅವರು ತೂಗಿನೋಡಿದರು. ಅದೇ ವರ್ಷದ ನವೆಂಬರಿನಲ್ಲಿ ಲೈಫ್ ಎಂಬ ಪತ್ರಿಕೆಯು ಈ ವಿಷಯವನ್ನು ಪ್ರಕಟಿಸಲಾಗಿ ದೇಶದಲ್ಲೆಲ್ಲ ಚರ್ಚೆಯೆದ್ದಿತು. ಸಮಿತಿಯವರು ದುಷ್ಟರಾಗಿರಲಿಲ್ಲ, ಅವರಲ್ಲಿ ಹಲವರಿಗೆ ತಾವು ಮಾಡುತ್ತಿದ್ದ ಕೆಲಸವೇ ಭಾರವಾಗಿತ್ತು. ಆದರೆ ಒಬ್ಬನ ಜೀವವು ಇನ್ನೊಬ್ಬನ ಜೀವಕ್ಕಿಂತ ಬೆಲೆಯುಳ್ಳದ್ದೆಂದು ಹೇಳುವ ತಕ್ಕಡಿಯು ಮನುಷ್ಯನ ಕೈಯಲ್ಲಿಲ್ಲವೆಂಬುದು ಆ ಸಮಿತಿಯಿಂದ ಲೋಕಕ್ಕೆ ವೇದ್ಯವಾಯಿತು. ಕಾಂಪೆನ್ನಿನ ವೈದ್ಯರು ಕೇಳದೆ ಬಿಟ್ಟ ಪ್ರಶ್ನೆಯನ್ನು ಸಿಯಾಟಲಿನವರು ಕೇಳಬೇಕಾಗಿ ಬಂದುದು ಹೃದಯದ ಕೊರತೆಯಿಂದಲ್ಲ, ಯಂತ್ರದ ಕೊರತೆಯಿಂದ.

೧೯೭೧ರಲ್ಲಿ ಅಮೇರಿಕದ ಶಾಸನಸಭೆಯ ಸಮಿತಿಯೊಂದರ ಮುಂದೆ ರೋಗಿಯೊಬ್ಬನು ಯಂತ್ರಕ್ಕೆ ಜೋಡಿಸಿಕೊಂಡ ಸ್ಥಿತಿಯಲ್ಲಿಯೇ ತನ್ನವರ ಅಹವಾಲನ್ನು ಹೇಳಿಕೊಂಡನು. ಮರುವರ್ಷ, ೧೯೭೨ರ ಅಕ್ಟೋಬರಿನಲ್ಲಿ, ಮೂತ್ರಪಿಂಡಗಳು ಕೆಟ್ಟ ಬಹುತೇಕ ಎಲ್ಲರ ಚಿಕಿತ್ಸೆಯ ವೆಚ್ಚವನ್ನೂ ಸರಕಾರವೇ ಹೊರುವಂತೆ ಆ ದೇಶದಲ್ಲಿ ಶಾಸನವಾಯಿತು. ಆಯ್ಕೆಯ ಸಮಿತಿಗೆ ಇನ್ನು ಕೆಲಸವಿಲ್ಲದಾಯಿತು. ಇದರ ನಡುವೆ ೧೯೬೬ರಲ್ಲಿ ನ್ಯೂಯಾರ್ಕಿನ ಬ್ರೆಷಿಯ, ಸಿಮಿನೊ ಮೊದಲಾದ ವೈದ್ಯರು, ಮುಂಗೈಯ ಎರಡು ನಾಳಗಳನ್ನು ಚರ್ಮದ ಒಳಗೇ ಹೊಲಿದು ಸೇರಿಸುವ ಫಿಸ್ಟುಲಾ ಎಂಬ ಕ್ರಮವನ್ನು ಪ್ರಕಟಿಸಿದರು. ಹಾಗೆ ಸೇರಿಸಿದ ನಾಳವು ಕೆಲವು ವಾರಗಳಲ್ಲಿ ಉಬ್ಬಿ ಬಲಿತು, ಮತ್ತೆ ಮತ್ತೆ ಸೂಜಿಯನ್ನು ತಾಳಿಕೊಳ್ಳುವದು. ಇಂದಿಗೂ ಇದೇ ಉತ್ತಮ ಮಾರ್ಗವೆನಿಸಿರುವದು. ೧೯೭೬ರಲ್ಲಿ ಪೊಪೊವಿಚ್ ಮತ್ತು ಮಾನ್‌ಕ್ರೀಫ್ ಎಂಬವರು ಹೊಟ್ಟೆಯ ಒಳಪೊರೆಯನ್ನೇ ಸೋಸುವ ಪೊರೆಯನ್ನಾಗಿ ಬಳಸಿ, ರೋಗಿಯು ಮನೆಯಲ್ಲಿಯೇ ದಿನವೂ ದ್ರವವನ್ನು ತುಂಬಿ ತೆಗೆದುಕೊಳ್ಳುವ ಪದ್ಧತಿಯನ್ನು ತಿಳಿಸಿದರು.

ಇನ್ನು ಯಂತ್ರವನ್ನು ನಂಬಿದವರ ದಿನಚರಿಯನ್ನು ನೋಡಬೇಕು. ವಾರದಲ್ಲಿ ೧೬೮ ತಾಸುಗಳುಂಟು. ಸಹಜ ಮೂತ್ರಪಿಂಡಗಳು ಆ ೧೬೮ ತಾಸೂ ದುಡಿಯುವವು. ಯಂತ್ರವಾದರೋ ವಾರಕ್ಕೆ ಮೂರು ಸಾರಿ, ಸಾರಿಗೆ ನಾಲ್ಕು ತಾಸಿನಂತೆ, ೧೨ ತಾಸು ಮಾತ್ರ ದುಡಿಯುವದು. ಉಳಿದ ತಾಸುಗಳಲ್ಲಿ ಕುಡಿದ ನೀರೂ ತಿಂದ ಉಪ್ಪೂ ದೇಹದಲ್ಲಿಯೇ ಕೂಡಿಕೊಳ್ಳುವವು. ರೋಗಿಯ ಏರಿಳಿತಗಳಿಗೆಲ್ಲ ಮೂಲವು ಈ ಲೆಕ್ಕದಲ್ಲಿಯೇ ಇರುವದು. ಚಿಕಿತ್ಸೆಯ ಹಿಂದಿನ ದಿನ ಮೈಭಾರ, ಏದುಸಿರು. ಚಿಕಿತ್ಸೆಯ ಹೊತ್ತಿನಲ್ಲಿ ನೀರು ಬೇಗನೆ ಇಳಿದರೆ ರಕ್ತದ ಒತ್ತಡವು ಕುಸಿದು ತಲೆಸುತ್ತು, ಕಾಲುಗಳಲ್ಲಿ ಸೆಟೆತ. ಮುಗಿದ ಮೇಲೆ ಹಿಂಡಿ ಹಾಕಿದಂಥ ಆಯಾಸ. ಮರುದಿನ ಮೈ ಹಗುರಾಗಿ ಹಸಿವೆಯಾಗುವದು, ಮಾತು ಬರುವದು, ಕೆಲಸದ ಮೇಲೆ ಮನಸ್ಸಾಗುವದು. ಆ ಒಳ್ಳೆಯ ದಿನವು ಮುಗಿಯುವಷ್ಟರಲ್ಲಿ ಮತ್ತೆ ಯಂತ್ರದ ದಿನವು ಬರುವದು. ಎರಡು ದಿನಗಳ ದೊಡ್ಡ ಬಿಡುವಿನ ಕೊನೆಯು ವಿಶೇಷವಾಗಿ ಅಪಾಯದ ಸಮಯವೆಂದು ವೈದ್ಯರು ಕಂಡುಕೊಂಡಿರುವರು.

ಯಂತ್ರವು ಪಿಂಡದ ಒಂದು ಕೆಲಸವನ್ನು ಮಾಡಬಲ್ಲದೇ ಹೊರತು ಎಲ್ಲ ಕೆಲಸಗಳನ್ನೂ ಮಾಡಲಾರದು. ರಕ್ತವನ್ನು ಹುಟ್ಟಿಸುವಂತೆ ಎಲುಬಿನ ಮಜ್ಜೆಗೆ ಪ್ರೇರಣೆ ಕೊಡುವ ಎರಿತ್ರೊಪೊಯಿಟಿನ್ ಎಂಬ ರಸವು ಬಹುಪಾಲು ಮೂತ್ರಪಿಂಡಗಳಿಂದಲೇ ಬರತಕ್ಕದ್ದು. ಅದು ನಿಂತುದರಿಂದ ಮೊದಲಿನ ರೋಗಿಗಳು ಬಿಳಿಚಿಕೊಂಡು, ನಾಲ್ಕು ಮೆಟ್ಟಿಲು ಹತ್ತಲಾರದೆ, ಪದೇ ಪದೇ ಬೇರೆಯವರ ರಕ್ತವನ್ನು ಪಡೆಯಬೇಕಾಗಿತ್ತು. ೧೯೮೯ರಲ್ಲಿ ಅಮೇರಿಕದಲ್ಲಿ ಈ ರಸವನ್ನು ಕೃತಕವಾಗಿ ತಯಾರಿಸಿ ಚುಚ್ಚುಮದ್ದಾಗಿ ಕೊಡಲು ಅನುಮತಿಯಾದ ಮೇಲೆ ಆ ಕಷ್ಟವು ಬಹುಮಟ್ಟಿಗೆ ನೀಗಿತು. ನೀರಿನಿಂದಲೂ ಪಾಠ ಕಲಿಯಬೇಕಾಯಿತು. ಒಂದೊಂದು ಸಾರಿಯ ಚಿಕಿತ್ಸೆಯಲ್ಲಿ ಪೊರೆಯ ಆಚೆಬದಿಗೆ ಸುಮಾರು ೧೨೦ ಲೀಟರು ದ್ರವವು ಹರಿದುಹೋಗುವದು. ೧೯೭೦ರ ದಶಕದಲ್ಲಿ ಕೆಲವೆಡೆ ಆ ನೀರಿನಲ್ಲಿದ್ದ ಅಲ್ಯುಮಿನಿಯಂ ಅಂಶವು ರೋಗಿಗಳ ಮೆದುಳನ್ನೂ ಎಲುಬುಗಳನ್ನೂ ಕೆಡಿಸಿದುದು ತಿಳಿದುಬಂದ ಮೇಲೆ, ನೀರನ್ನು ಬಹು ಎಚ್ಚರದಿಂದ ಶುದ್ಧಿಗೊಳಿಸುವ ಪದ್ಧತಿಯು ಬಲವಾಯಿತು. ಇಂದಿನ ರೋಗಿಯ ಪ್ರತಿಯೊಂದು ಅನುಕೂಲದ ಹಿಂದೆಯೂ ಹಿಂದಿನ ರೋಗಿಯೊಬ್ಬನ ವೇದನೆಯಿರುವದು.

ಭರತಖಂಡದಲ್ಲಿ ಈ ಚಿಕಿತ್ಸೆಯ ಹೆಸರನ್ನು ಮನೆಮನೆಗೂ ತಿಳಿಯಿಸಿದ ಸಂಗತಿಯು ಜಯಪ್ರಕಾಶ ನಾರಾಯಣರ ಕಾಯಿಲೆಯು. ೧೯೭೫ರ ಜೂನಿನಲ್ಲಿ ತುರ್ತುಪರಿಸ್ಥಿತಿಯು ಘೋಷಿತವಾದಾಗ ಸೆರೆಯಾದ ಅವರು ಅದೇ ವರ್ಷದ ನವೆಂಬರಿನಲ್ಲಿ ಬಿಡುಗಡೆಯಾದರು. ಅಷ್ಟರಲ್ಲಿ ಅವರ ಮೂತ್ರಪಿಂಡಗಳು ಕೆಟ್ಟಿದ್ದವು. ಮುಂಬಯಿಯಲ್ಲಿ ಡಯಾಲಿಸಿಸ್ ಆರಂಭವಾಯಿತು. ಅಂದಿನಿಂದ ೧೯೭೯ರ ಅಕ್ಟೋಬರ್ ೮ರಂದು ಪಾಟ್ನಾದಲ್ಲಿ ದೇಹವಿಡುವವರೆಗೆ ಅವರು ಯಂತ್ರವನ್ನು ಬಿಟ್ಟಿರಲಿಲ್ಲ. ಎಪ್ಪತ್ತು ಮೀರಿದ ವಯಸ್ಸು, ವಾರವಾರವೂ ಸೂಜಿಯ ನೋವು, ದಿನಬಿಟ್ಟು ದಿನ ಕುಗ್ಗುವ ಶಕ್ತಿ. ಹೀಗಿದ್ದೂ ೧೯೭೭ರ ಚುನಾವಣೆಯ ಮುನ್ನ ವಿರೋಧಪಕ್ಷಗಳನ್ನು ಒಂದುಗೂಡಿಸಿ, ಚಿಕಿತ್ಸೆಯ ನಡುವಣ ದಿನಗಳಲ್ಲಿ ಜನರೆದುರಿಗೆ ನಿಂತು ಮಾತನಾಡಿದರು. ಅವರ ರಾಜಕೀಯವನ್ನು ಒಪ್ಪುವವರೂ ಒಪ್ಪದವರೂ ಇರಬಹುದು. ಯಂತ್ರಕ್ಕೆ ಕಟ್ಟುಬಿದ್ದ ದೇಹದಿಂದಲೂ ಕರ್ತವ್ಯವನ್ನು ಮಾಡಬಹುದೆಂಬುದಕ್ಕೆ ಅವರು ಸಾಕ್ಷಿಯಾದರೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಾರದು.

ಸಿಯಾಟಲಿನ ಸಮಿತಿಯಂಥದು ಈ ದೇಶದಲ್ಲಿ ಕುಳಿತು ನಿರ್ಣಯಿಸಲಿಲ್ಲ. ಆದರೆ ಬಡತನವೇ ಇಲ್ಲಿ ಆ ಸಮಿತಿಯ ಕೆಲಸವನ್ನು ಮಾಡುತ್ತ ಬಂದಿತು. ಹೊಲಮನೆಗಳನ್ನು ಮಾರಿ ಕೆಲವು ತಿಂಗಳು ಚಿಕಿತ್ಸೆ ನಡೆಯಿಸಿ, ಹಣವು ತೀರಿದಲ್ಲಿಗೆ ಚಿಕಿತ್ಸೆಯನ್ನೂ ನಿಲ್ಲಿಸಿದ ಸಂಸಾರಗಳು ಎಷ್ಟೋ. ವಾರಕ್ಕೆ ಮೂರು ಸಾರಿ ಬೇಕಾದಲ್ಲಿ ಎರಡೇ ಸಾರಿ ಮಾಡಿಸಿಕೊಳ್ಳುವವರು ಇಂದಿಗೂ ಬಹುಮಂದಿ. ೨೦೧೬ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯನ್ನು ಆರಂಭಿಸಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಈ ಚಿಕಿತ್ಸೆ ಸಿಗುವಂತೆ ಮಾಡಿತು. ಕರ್ನಾಟಕದಲ್ಲಿ ಹಲವು ತಾಲೂಕು ಆಸ್ಪತ್ರೆಗಳಲ್ಲಿಯೂ ಯಂತ್ರಗಳಿರುವವು. ಆದಾಗ್ಯೂ ನಸುಕಿನಲ್ಲಿಯೇ ಎದ್ದು, ಬಸ್ಸು ಹಿಡಿದು, ಜೊತೆಗೊಬ್ಬರ ಕೂಲಿಯನ್ನೂ ಕೆಡಿಸಿಕೊಂಡು ಬರುವ ಹಳ್ಳಿಯ ರೋಗಿಗೆ ಚಿಕಿತ್ಸೆಯು ಉಚಿತವಾದರೂ ದಾರಿಯು ಉಚಿತವಲ್ಲ. ಬದಲಿ ಮೂತ್ರಪಿಂಡವನ್ನು ಜೋಡಿಸುವ ಶಸ್ತ್ರಕ್ರಿಯೆಯು ೧೯೫೪ರಲ್ಲಿ ಬೋಸ್ಟನ್ನಿನಲ್ಲಿಯೂ ೧೯೭೧ರಲ್ಲಿ ವೆಲ್ಲೂರಿನಲ್ಲಿಯೂ ಸಫಲವಾಗಿ, ಅನೇಕರನ್ನು ಯಂತ್ರದಿಂದ ಬಿಡಿಸಿರುವದು. ಆದರೆ ಕೊಡುವವರ ಸಂಖ್ಯೆಯು ಬೇಡುವವರ ಸಂಖ್ಯೆಗೆ ಎಂದೂ ಸಾಟಿಯಾಗಿಲ್ಲ.

ಈ ಚರಿತ್ರೆಯಿಂದ ಗೃಹಸ್ಥರು ಗ್ರಹಿಸಬೇಕಾದ ಕೆಲವು ಮಾತುಗಳುಂಟು. ಅತಿಥಿಗೆ ಒತ್ತಾಯಮಾಡಿ ಉಣಬಡಿಸುವದು ಈ ನಾಡಿನ ಹಿರಿಯ ಸಂಪ್ರದಾಯ. ಜಾತ್ರೆಯಲ್ಲಾಗಲಿ ಪ್ರಸಾದದ ಪಂಕ್ತಿಯಲ್ಲಾಗಲಿ ಡಯಾಲಿಸಿಸ್ ಮಾಡಿಸಿಕೊಳ್ಳುವವರು ಬಂದು ಕುಳಿತರೆ, ಎಳೆನೀರು, ಬಾಳೆಯ ಹಣ್ಣು, ಪಾನಕ, ಉಪ್ಪಿನಕಾಯಿ ಇವುಗಳನ್ನು ಪ್ರೀತಿಯಿಂದಲಾದರೂ ಒತ್ತಾಯಿಸಿ ಕೊಡಬಾರದು. ಎಳೆನೀರಿನಲ್ಲಿಯೂ ಬಾಳೆಯ ಹಣ್ಣಿನಲ್ಲಿಯೂ ಹೇರಳವಾಗಿರುವ ಪೊಟ್ಯಾಸಿಯಂ ಎಂಬ ಲವಣವು, ಅದನ್ನು ಹೊರಹಾಕಲಾರದ ದೇಹದಲ್ಲಿ ನೆರೆದು ಹೃದಯವನ್ನೇ ನಿಲ್ಲಿಸಬಲ್ಲದು. ಆರೋಗ್ಯವಂತನಿಗೆ ಅಮೃತವಾದುದು ಅವರಿಗೆ ವಿಷವಾಗುವದು. ಫಿಸ್ಟುಲಾ ಇರುವ ಕೈಗೆ ಭಾರವನ್ನು ಹೊರಿಸಬಾರದು. ಅದನ್ನು ಬಿಗಿಯಾಗಿ ಹಿಡಿಯಬಾರದು. ನಿನ್ನೆ ನಗುತ್ತಿದ್ದವರು ಇಂದು ಮಾತನಾಡದೆ ಮುಸುಕೆಳೆದು ಮಲಗಿದರೆ ಅದನ್ನು ಸೋಮಾರಿತನವೆಂದಾಗಲಿ ಮುನಿಸೆಂದಾಗಲಿ ಎಣಿಸಬಾರದು. ಅದು ಯಂತ್ರದ ದಿನದ ಇಳಿತ. ಚಿಕಿತ್ಸೆಯನ್ನು ಬಿಟ್ಟು ಬೇರು ಬೂದಿಗಳನ್ನು ನಂಬೆಂದು ಉಪದೇಶಿಸುವವರು ಹಿತೈಷಿಗಳಲ್ಲ. ಮಧುಮೇಹವೂ ರಕ್ತದ ಒತ್ತಡವೂ ಉಳ್ಳವರು ವರ್ಷಕ್ಕೊಮ್ಮೆಯಾದರೂ ರಕ್ತ ಮೂತ್ರಗಳನ್ನು ಪರೀಕ್ಷಿಸಿಕೊಂಡರೆ, ಈ ದಾರಿಯನ್ನು ಹಿಡಿಯುವದೇ ಹಲವರಿಗೆ ತಪ್ಪಬಹುದು.

ಸಾರಾಂಶವೇನೆಂದರೆ, ತಾಯಿಯೊಬ್ಬಳಿಗೆ ಮಗನ ಸಾವನ್ನು ಹೇಳಬೇಕಾಗಿ ಬಂದ ತರುಣ ವೈದ್ಯನ ಸಂಕಟದಿಂದ ಈ ಯಂತ್ರವು ರೂಪುಗೊಂಡಿತು. ಊರಿಗೆ ಬೇಡವಾದ ವೃದ್ಧೆಯ ಉಸಿರಿನಿಂದ ಅದರ ಸಾರ್ಥಕತೆಯು ಸಿದ್ಧವಾಯಿತು. ಯೋಗ್ಯತೆಯನ್ನು ಕೇಳದೆ ಜೀವವನ್ನು ಕಾಯಬೇಕೆಂಬುದೇ ಅದರ ಹುಟ್ಟುಗುಣ. ಆ ಗುಣವು ಯಂತ್ರದಲ್ಲಿ ಮಾತ್ರ ಉಳಿದರೆ ಸಾಲದು. ಅದರ ಬಳಿಗೆ ವಾರಕ್ಕೆ ಮೂರು ಸಾರಿ ಹೋಗಿಬರುವವರ ಮನೆಯಲ್ಲಿಯೂ ಊರಿನಲ್ಲಿಯೂ ಉಳಿಯತಕ್ಕದ್ದು. ಯಂತ್ರವು ಕೊಡುವದು ಹನ್ನೆರಡು ತಾಸಿನ ನೆರವು. ಮಿಕ್ಕ ನೂರೈವತ್ತಾರು ತಾಸುಗಳ ನೆರವನ್ನು ಮನುಷ್ಯರೇ ಕೊಡಬೇಕಾಗಿರುವದು.